ಲಿಸ್ಟ್‌ನಿಂದ ಇನ್‌ಹೆರಿಟ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಕೊಡಗಿನ ಗೋಣಿಕೊಪ್ಪದ ಹತ್ತಿರ ಕಾಫಿ ಖರೀದಿಸುವ ಒಬ್ಬರಿಗೆ ಸಿ ಶಾರ್ಪ್‌ನಲ್ಲಿ ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ. ಫೆಬ್ರವರಿ ತಿಂಗಳು, ಒಣಗಿದ ರೊಬಸ್ಟಾ ಚೆರಿ ಮೂಟೆ ಮೂಟೆಯಾಗಿ ಬರುವ ಹೊತ್ತು.

ಚೆರಿಗೆ ಬರೀ ತೂಕ ನೋಡಿ ದುಡ್ಡು ಕೊಡುವುದಿಲ್ಲ. ಓಟಿ ನೋಡುತ್ತಾರೆ. ಅಂದರೆ ಔಟ್‌ಟರ್ನ್: 50 ಕೆಜಿ ಮೂಟೆಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಬರುತ್ತದೆ ಅನ್ನುವ ಲೆಕ್ಕ.

ಕೋಡಿನಲ್ಲಿ ‘ಲೋಡ್’ ಅಂತ ಒಂದು ಕ್ಲಾಸ್ ಇತ್ತು. ಲೋಡ್ ಅಂದರೆ ಮೂಟೆಗಳ ಪಟ್ಟಿ ತಾನೇ ಎಂದು ಅದನ್ನು ಸಿ ಶಾರ್ಪ್‌ನ ಸಿದ್ಧ ಪಟ್ಟಿ ಕ್ಲಾಸ್ ಆದ ಲಿಸ್ಟ್‌ನಿಂದಲೇ ಇನ್‌ಹೆರಿಟ್ ಮಾಡಿದೆ, ಅಂದರೆ ಲೋಡೂ ಒಂದು ಲಿಸ್ಟೇ ಆಗುವ ಹಾಗೆ ಬರೆದೆ. ಮೇಲೆ ಓಟಿ, ತೇವಾಂಶ ಎಂಬ ಎರಡು ಪ್ರಾಪರ್ಟಿ ಸೇರಿಸಿದೆ. ಒಂದೆರಡು ಸಾಲು ಉಳಿಯಿತು ಅಂತ ಖುಷಿ ಬೇರೆ!

ಡೇಟಾವನ್ನು ಫೈಲಿಗೆ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆಯುವುದು ಸೀರಿಯಲೈಸರ್. ಅದಕ್ಕೆ ಕ್ಲಾಸ್ ಒಂದು ಕಲೆಕ್ಷನ್ ಎಂದು ಗೊತ್ತಾದರೆ ಮುಗಿಯಿತು, ಅರೇ ಆಗಿ, ಅಂದರೆ ಬರೀ ಪಟ್ಟಿಯಾಗಿ ಬರೆದುಬಿಡುತ್ತದೆ. ಚೌಕ ಬ್ರಾಕೆಟ್ಟಿನೊಳಗೆ ಮೂಟೆಗಳು ಮಾತ್ರ. ಅರೇಯಲ್ಲಿ ಹೆಸರಿರುವ ಫೀಲ್ಡಿಗೆ ಜಾಗವೇ ಇಲ್ಲವಲ್ಲ. ಓಟಿ ಹೋಯಿತು, ತೇವಾಂಶ ಹೋಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬೆಳೆಗಾರರ ವಿವರ ಪ್ರತಿ ಮೂಟೆಯೊಳಗೆ ಸಾದಾ ಕ್ಲಾಸ್ ಆಗಿ ನೆಸ್ಟ್ ಆಗಿತ್ತು, ಅದು ಹೆಸರು, ಊರು ಸಮೇತ ಸರಿಯಾಗಿ ಹೋಗುತ್ತಿತ್ತು. ಹಾಗಾಗಿ ಫೈಲ್ ತೆರೆದು ನೋಡಿದಾಗಲೂ ಅನುಮಾನ ಬರಲಿಲ್ಲ.

ನನ್ನ ಇನ್ನೊಂದು ಘನಕಾರ್ಯ ಕೇಳಿ. ಟೆಸ್ಟಿಂಗ್‌ಗೆಂದು ಸುಮ್ನೆ ಓಟಿಗೆ 26 ಡಿಫಾಲ್ಟ್ ಕೊಟ್ಟಿದ್ದೆ, ತೆಗೆಯಲು ಮರೆತಿದ್ದೆ. ವಾಪಸ್ ಓದುವಾಗ ಎಲ್ಲ ಲೋಡೂ 26 ಆಗಿ ಬಂತು. ಟೆಸ್ಟ್ ಬರೆದಿರಲಿಲ್ವಾ ಅಂದರೆ, ಬರೆದಿದ್ದೆ. ಅದು ಮೂಟೆ ಎಣಿಸುತ್ತಿತ್ತು.

ಮೂರು ವಾರ ಕಳೆದ ಮೇಲೆ ಪೊನ್ನಂಪೇಟೆ ಕಡೆಯ ಬೆಳೆಗಾರರೊಬ್ಬರು ಬಿಲ್ ಹಿಡಿದು ಬಂದರು. “ಎಂಥ ಮಾರಾಯ, ನಂದೂ ಪಕ್ಕದ ತೋಟದವರದ್ದೂ ಒಂದೇ ಓಟಿಯಾ?” ಅವರದ್ದು 28. ಒಟ್ಟು 60 ಮೂಟೆ. 120 ಕೆಜಿ ಕ್ಲೀನ್ ಕಾಫಿಯ ದುಡ್ಡು ಅವರ ಕೈತಪ್ಪಿತ್ತು.

ಈಗ ಲೋಡ್ ಸಾದಾ ಕ್ಲಾಸ್, ಮೂಟೆಗಳ ಲಿಸ್ಟ್ ಅದರೊಳಗೆ ಒಂದು ಪ್ರಾಪರ್ಟಿ. ಓಟಿ ಬರದಿದ್ದರೆ ಎರರ್. ನ್ಯೂಟನ್‌ಸಾಫ್ಟ್ ಎಂಬ ಸೀರಿಯಲೈಸರ್‌ನಲ್ಲಿ ಜೇಸನ್‌ಆಬ್ಜೆಕ್ಟ್ ಆಟ್ರಿಬ್ಯೂಟ್ ಹಾಕಿದರೆ ಪ್ರಾಪರ್ಟಿಗಳು ಉಳಿಯುತ್ತವೆ, ಆದರೆ ಆಗ ಮೂಟೆಗಳು ಹೋಗುತ್ತವೆ, ಅವಕ್ಕೂ ಬೇರೆ ಪ್ರಾಪರ್ಟಿ ಬೇಕು. ಡಾಟ್‌ನೆಟ್ ಜೊತೆಗೇ ಬರುವ ಸಿಸ್ಟಮ್ ಟೆಕ್ಸ್ಟ್ ಜೇಸನ್ ಆದರೆ ಕನ್ವರ್ಟರ್ ನೀವೇ ಬರೆಯಬೇಕು. ಜಾವಾದವರು ನಗಬೇಡಿ, ಅರೇಲಿಸ್ಟ್‌ನಿಂದ ಇನ್‌ಹೆರಿಟ್ ಮಾಡಿದರೆ ನಿಮ್ಮ ಸೀರಿಯಲೈಸರ್ ಜಾಕ್ಸನ್ ಮಾಡುವುದೂ ಇದನ್ನೇ.

ಪುಣ್ಯಕ್ಕೆ ಸ್ಯಾಂಪಲ್ ನೋಡುವ ಹುಡುಗ ಪ್ರತಿ ಲೋಡಿನ ಓಟಿಯನ್ನು ಚೀಟಿ ಪುಸ್ತಕದಲ್ಲಿ ಪೆನ್ನಿನಿಂದ ಬರೆದಿಟ್ಟಿದ್ದ. ಕಡಿಮೆ ಸಿಕ್ಕವರಿಗೆ ಬಾಕಿ ಕೊಟ್ಟೆವು. ಜಾಸ್ತಿ ಹೋದವರ ಹತ್ತಿರ ವಾಪಸ್ ಕೇಳಲು ಮಾಲೀಕರು ಒಪ್ಪಲಿಲ್ಲ. ಅಷ್ಟನ್ನು ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು.