ಡೊಮೇನ್ ಹೂಡಿಕೆ: ಚಿಕ್ಕಮಗಳೂರು, ಹಾಸನದ ಕಡೆಯಿಂದ ಒಂದು ದೀರ್ಘಾವಧಿ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡು ಮಾರುವ ವ್ಯವಹಾರದಲ್ಲಿ ದುಡ್ಡಿದೆ, ಆದರೆ ತುಂಬಾ ನಿಧಾನ. ಹೆಚ್ಚಿನವರ ದುಡ್ಡು ಸೋರಿಹೋಗುವುದು ವರ್ಷ ವರ್ಷ ಕಟ್ಟುವ ರಿನ್ಯೂವಲ್‌ನಲ್ಲಿ. ಡಾಟ್ ಕಾಮ್, ಡಾಟ್ ಇನ್ ಎರಡನ್ನೂ ಹಲವು ವರ್ಷ ಇಟ್ಟುಕೊಂಡು, ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಗಳನ್ನೂ ಮಾರಾಟದ ತಾಣಗಳನ್ನೂ ಬಳಸಿ ನೋಡಿದ ಮೇಲೆ ಬರೆಯುತ್ತಿರುವುದು ಇದು. ಸಕಲೇಶಪುರ, ಮೂಡಿಗೆರೆ, ಬೇಲೂರಿನಂಥ ಕಡೆ ಕೂತು ಈ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ ಎಂಬುದು ಆಸೆ.

ಲೆಕ್ಕ ನೋಡಿ. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರ್ 1ರಿಂದ ಸಗಟು ದರವನ್ನು 10.26 ಡಾಲರ್‌ಗೆ ಏರಿಸಿತು. 2021ರ ಸೆಪ್ಟೆಂಬರ್‌ಗೆ ಮೊದಲು ಅದು 7.85 ಡಾಲರ್ ಇತ್ತು. ಅದರ ಮೇಲೆ ರಿಜಿಸ್ಟ್ರಾರ್ ಲಾಭ, 18% ಜಿಎಸ್‌ಟಿ ಸೇರಿಸಿ ಒಂದು ಹೆಸರಿಗೆ ವರ್ಷಕ್ಕೆ 1,200 ರೂ. ಎಂದು ಹಿಡಿಯಿರಿ. ನೂರು ಹೆಸರಿಟ್ಟುಕೊಂಡರೆ 1,20,000 ರೂ. ಚೆನ್ನಾಗಿ ಆರಿಸಿದ ಸಂಗ್ರಹದಲ್ಲೂ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಮಾರಾಟವಾಗುತ್ತವೆ ಎಂಬುದು ಈ ವ್ಯವಹಾರದಲ್ಲಿರುವವರು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಒಂದೇ ಹೋಯಿತು ಅಂದುಕೊಳ್ಳಿ. 20% ಕಮಿಷನ್ ಕಳೆದು ಆ ವರ್ಷದ ಖರ್ಚಷ್ಟೇ ಹುಟ್ಟಬೇಕಾದರೂ ಅದು 1,50,000 ರೂ.ಗೆ ಹೋಗಬೇಕು. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಮಾರಾಟವಾದದ್ದು ನಿಜ. ಆದರೆ ಅದನ್ನು ಮಾರಿದ್ದು ಮೈಕ್ರೋಸ್ಟ್ರಾಟಜಿ ಎಂಬ ದೊಡ್ಡ ಸಾಫ್ಟ್‌ವೇರ್ ಕಂಪನಿ. ಅಂಥ ಒಂದೇ ಪದದ ಇಂಗ್ಲಿಷ್ ಹೆಸರುಗಳು ಇವತ್ತು ನೋಂದಣಿಗೆ ಖಾಲಿ ಸಿಗುವುದಿಲ್ಲ. ಹಾಗಾಗಿ ಹೊಸಬರಿಗೆ 15ರಿಂದ 20 ಹೆಸರು ಸಾಕು.

ಮೊದಲ ವರ್ಷದ ಆಫರ್ ದರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕಾರ್ಟ್‌ಗೆ ಹಾಕುವ ಮುಂಚೆ ಅದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ರಿನ್ಯೂವಲ್ ದರ ನೋಡಿ. ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ (ಎಕ್ಸ್‌ಟೆನ್ಷನ್ ಅಂದರೆ ಹೆಸರಿನಲ್ಲಿ ಡಾಟ್ ನಂತರದ ಭಾಗ) 'ಪ್ರೀಮಿಯಂ' ಎಂದು ಗುರುತಿಸಿದ ಹೆಸರಿಗೆ ಕೆಲವೊಮ್ಮೆ ರಿನ್ಯೂವಲ್ ಕೂಡ ಪ್ರತಿ ವರ್ಷ ಪ್ರೀಮಿಯಂ ದರದಲ್ಲೇ ಇರುತ್ತದೆ. ಡಾಟ್ ಎಐ ಕೊಳ್ಳುವವರು ಕನಿಷ್ಠ ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು.

ಇನ್ನು ನಮ್ಮ ಜಿಲ್ಲೆಗಳ ಹೆಸರುಗಳು. ಕರ್ನಾಟಕ ಸರ್ಕಾರ 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿತು. ಚಿಕ್ಕಮಗಳೂರು ಅದರಲ್ಲಿತ್ತು, ಹಾಸನ ಇರಲಿಲ್ಲ. ಸರ್ಕಾರಿ ಕಾಗದಗಳಲ್ಲಿ ಹೊಸದು ಬಂದಿದೆ. ಹೊರಗಿನಿಂದ ಬರುವ ಪ್ರವಾಸಿಗರು ಮಾತ್ರ ಒಂದೇ 'ಕೆ' ಇರುವ ಹಳೆಯ ಸ್ಪೆಲ್ಲಿಂಗನ್ನೇ ಟೈಪ್ ಮಾಡುತ್ತಾರೆ. ಹೋಮ್‌ಸ್ಟೇ, ಜೀಪ್ ಸಫಾರಿ, ಕಾಫಿ ಪುಡಿಯಂಥ ಪದ ಸೇರಿಸಿ ಹೆಸರು ಕೊಳ್ಳುವಾಗ ಹಳೆಯ ಸ್ಪೆಲ್ಲಿಂಗ್‌ಗೇ ಬೆಲೆ ಜಾಸ್ತಿ. ಎರಡೂ ಸಿಕ್ಕಿದರೆ ಜೋಡಿಯಾಗಿ ಮಾರಿ, ಬಿಡಿ ಮಾರಬೇಡಿ. ಸಕಲೇಶಪುರಕ್ಕಂತೂ ಕನಿಷ್ಠ ನಾಲ್ಕು ಥರ ಸ್ಪೆಲ್ಲಿಂಗ್ ಓಡಾಡುತ್ತವೆ. ರೈಲ್ವೆಯವರು ಬರೆಯುವುದು ಯಾವುದು, ಬುಕಿಂಗ್ ತಾಣಗಳು ಬರೆಯುವುದು ಯಾವುದು ಎಂದು ನೋಡಿ ಒಂದನ್ನು ಆರಿಸಿಕೊಳ್ಳಿ. ಹಾಸನದ ತೊಡಕು ಬೇರೆ: ಅದೇ ಸ್ಪೆಲ್ಲಿಂಗ್ ಜಗತ್ತಿನಾದ್ಯಂತ ವ್ಯಕ್ತಿಯ ಹೆಸರಾಗಿಯೂ ಇದೆ. ಹಾಗಾಗಿ ಆ ಪದವಿರುವ ಚಿಕ್ಕ ಡಾಟ್ ಕಾಮ್‌ಗಳು ಕೈಗೆ ಸಿಗುವುದು ಕಷ್ಟ. ಸಿಕ್ಕ ಹೆಸರಿಗೆ ಬರುವ ಆಫರ್‌ಗಳಲ್ಲೂ ನಮ್ಮೂರಿಗೆ ಸಂಬಂಧವೇ ಇಲ್ಲದವು ಇರುತ್ತವೆ. ಅಂಥ ಆಫರ್ ಬಂದರೆ ಸ್ಥಳೀಯ ದರ ಹೇಳಬೇಡಿ. ಕೆಎ 13, ಕೆಎ 18 ಸೇರಿಸಿದ ಹೆಸರುಗಳು ಬೈಕ್ ಬಾಡಿಗೆಯವರಿಗೆ, ಹುಡುಗರ ರೈಡಿಂಗ್ ಗುಂಪುಗಳಿಗೆ ಇಷ್ಟವಾಗುತ್ತವೆ. ಮಾರಾಟ ಬೇಗ ಆಗುತ್ತದೆ, ಬೆಲೆ ಕೆಲವು ಸಾವಿರ ದಾಟುವುದಿಲ್ಲ.

ಕಾಫಿ ಹೆಸರುಗಳಲ್ಲಿ ತುಂಬಾ ಎಚ್ಚರ ಬೇಕು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಆ ಪದಗಳನ್ನೇ ಡೊಮೇನ್ ಮಾಡಿಕೊಂಡು ದೊಡ್ಡ ಬೆಲೆ ಹಾಕಿ ಕೂರುವುದು ತಕರಾರನ್ನು ಮನೆಗೆ ಕರೆದಂತೆ. ಎಸ್ಟೇಟ್‌ಗಳ ಹೆಸರಿಗೂ ಇದೇ ಮಾತು: ಹಳೆಯ ಎಸ್ಟೇಟ್ ಹೆಸರು ಯಾವುದೋ ಕಾಫಿ ಪುಡಿಯ ಟ್ರೇಡ್‌ಮಾರ್ಕ್ ಆಗಿರಬಹುದು. ಐಪಿ ಇಂಡಿಯಾದ ಟ್ರೇಡ್‌ಮಾರ್ಕ್ ಹುಡುಕಾಟ ಪುಟದಲ್ಲಿ ಕಾಫಿ, ಟೀ ಸೇರುವ 30ನೇ ವರ್ಗ ಮತ್ತು ವಸತಿ, ಊಟದ ಸೇವೆಯ 43ನೇ ವರ್ಗ, ಇವೆರಡನ್ನೂ ನೋಡದೆ ಹೆಸರು ಕೊಳ್ಳಬೇಡಿ. ದುಡ್ಡು ಕೊಡಬೇಕಾಗಿಲ್ಲ, ಹತ್ತು ನಿಮಿಷದ ಕೆಲಸ.

ಕಾನೂನಿನ ವಿಷಯದಲ್ಲಿ ಡಾಟ್ ಇನ್ ಡಾಟ್ ಕಾಮ್‌ಗಿಂತ ಬಿಗಿ. ಡಾಟ್ ಕಾಮ್‌ಗೆ ಅನ್ವಯಿಸುವ ಯುಡಿಆರ್‌ಪಿ ಎಂಬ ವಿವಾದ ಇತ್ಯರ್ಥದ ನಿಯಮದಲ್ಲಿ ದೂರುದಾರರು ಮೂರು ಅಂಶ ಸಾಬೀತು ಮಾಡಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕ್‌ಗೆ ಗೊಂದಲವಾಗುವಷ್ಟು ಹೋಲುತ್ತದೆ, ಹೊಂದಿರುವವರಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿ ಇಲ್ಲ, ದುರುದ್ದೇಶದಿಂದ ನೋಂದಾಯಿಸಿಯೂ ಇದ್ದಾರೆ ಬಳಸುತ್ತಲೂ ಇದ್ದಾರೆ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಅದಕ್ಕೆ ಮಾಡಿರುವ ಐಎನ್‌ಡಿಆರ್‌ಪಿ ನಿಯಮದಲ್ಲಿ ಮೂರನೆಯ ಅಂಶಕ್ಕೆ ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದು ದುರುದ್ದೇಶದ್ದಾಗಿದ್ದರೂ ಸಾಕು. ಸದುದ್ದೇಶದಿಂದ ಕೊಂಡ ಹೆಸರಿನ ಮೇಲೆ ಪಾರ್ಕಿಂಗ್ ಜಾಹೀರಾತು (ಬಳಸದೆ ಇಟ್ಟ ಹೆಸರಿನ ಪುಟದಲ್ಲಿ ತೋರಿಸುವ ಜಾಹೀರಾತು) ಹಾಕಿ, ಆ ಪುಟದಲ್ಲಿ ಟ್ರೇಡ್‌ಮಾರ್ಕ್ ಇರುವ ಕಂಪನಿಯ ಪ್ರತಿಸ್ಪರ್ಧಿಗಳ ಲಿಂಕ್ ತಾನಾಗಿ ಬಂದರೂ ಅದನ್ನು ನಿಮ್ಮ ವಿರುದ್ಧ ಬಳಸಬಹುದು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಡಾಟ್ ಇನ್‌ನಲ್ಲಿ ಬೇರೆಯವರ ಹೆಸರಿನ ಹಿಂದೆ ಅಡಗುವ ಪ್ರಾಕ್ಸಿ ಸೇವೆಗೂ ಅವಕಾಶವಿಲ್ಲ. ಹೆಸರು, ವಿಳಾಸ, ಫೋನ್ ಸರಿಯಾಗಿರಬೇಕು. ತಪ್ಪಿದ್ದರೆ ಡೊಮೇನ್ ತಡೆಹಿಡಿಯುವ ಸಾಧ್ಯತೆ ಇದೆ.

ಮಾರಾಟಕ್ಕೆ ಇಡುವ ಕೆಲಸ ಹೀಗೆ. ಮೊದಲು ಸೆಡೋ, ಆಫ್ಟರ್ನಿಕ್‌ನಂಥ ಮಾರುಕಟ್ಟೆಯಲ್ಲಿ ಖಾತೆ ತೆರೆದು ಹೆಸರು ಸೇರಿಸಿ, ಅವರು ಕೊಡುವ ಟಿಎಕ್ಸ್‌ಟಿ ರೆಕಾರ್ಡ್ (ಹೆಸರಿನ ಸೆಟ್ಟಿಂಗ್‌ನಲ್ಲಿ ಸೇರಿಸುವ ಒಂದು ಸಾಲು) ಅಥವಾ ನೇಮ್‌ಸರ್ವರ್ (ಆ ಹೆಸರು ಯಾವ ಪುಟಕ್ಕೆ ಹೋಗಬೇಕೆಂದು ತಿಳಿಸುವ ಸರ್ವರ್) ಹಾಕಿ ಹೆಸರು ನಿಮ್ಮದೇ ಎಂದು ದೃಢಪಡಿಸಬೇಕು. ನೇಮ್‌ಸರ್ವರ್ ಅವರ ಕಡೆ ತಿರುಗಿಸಿದವರಿಗೆ ಕಮಿಷನ್ ಕಡಿಮೆ ಬೀಳುವ ತಾಣಗಳಿವೆ. ಒಟ್ಟಾರೆ 15ರಿಂದ 25% ಎಂದು ಲೆಕ್ಕ ಇಟ್ಟುಕೊಳ್ಳಿ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದಿದೆ. ಹೆಸರಿಗೆ ಡಿಎನ್‌ಎಸ್‌ಸೆಕ್ (ವಿಳಾಸದ ಮಾಹಿತಿ ಅಸಲಿ ಎಂದು ಡಿಜಿಟಲ್ ಸಹಿಯಿಂದ ಖಾತ್ರಿಪಡಿಸುವ ವ್ಯವಸ್ಥೆ) ಆನ್ ಆಗಿದ್ದು, ಆ ಸಹಿಯ ಗುರುತಾದ ಡಿಎಸ್ ರೆಕಾರ್ಡ್ ತೆಗೆಯದೆ ನೇಮ್‌ಸರ್ವರ್ ಬದಲಿಸಿದರೆ, ಸಹಿ ಪರೀಕ್ಷಿಸುವ ಸರ್ವರ್‌ಗಳ ಮೂಲಕ ಬರುವವರಿಗೆ ಪುಟ ತೆರೆಯುವುದೇ ಇಲ್ಲ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ತೆರೆಯುತ್ತದೆ, ಕೊಳ್ಳಲು ಬಂದವರ ಮೊಬೈಲ್‌ನಲ್ಲಿ ತೆರೆಯುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಮೊದಲು ಡಿಎನ್‌ಎಸ್‌ಸೆಕ್ ಆಫ್ ಮಾಡಿ, ಒಂದೆರಡು ದಿನ ಬಿಟ್ಟು ನೇಮ್‌ಸರ್ವರ್ ಬದಲಿಸಿ, ಎರಡು ಬೇರೆ ಬೇರೆ ಮೊಬೈಲ್ ಸಿಮ್‌ಗಳಲ್ಲಿ ತೆರೆದು ನೋಡಿ. ಅಸಲು ದರಕ್ಕೇ ಕೊಡುವ ಕ್ಲೌಡ್‌ಫ್ಲೇರ್ ರಿಜಿಸ್ಟ್ರಾರ್ ಸ್ವಂತ ವೆಬ್‌ಸೈಟ್ ನಡೆಸುವವರಿಗೆ ಒಳ್ಳೆಯದು. ಮಾರಾಟಕ್ಕಿಟ್ಟ ಹೆಸರಿಗೆ ಅದು ಹೊಂದುವುದಿಲ್ಲ, ಏಕೆಂದರೆ ಸಾಮಾನ್ಯ ಖಾತೆಯಲ್ಲಿ ಅವರದೇ ನೇಮ್‌ಸರ್ವರ್ ಇಟ್ಟುಕೊಳ್ಳಬೇಕು.

ಇಂಥ ಮಾರುಕಟ್ಟೆಗಳಲ್ಲಿ ಫಾಸ್ಟ್ ಟ್ರಾನ್ಸ್‌ಫರ್ ಸೌಲಭ್ಯ ಆನ್ ಮಾಡಿದರೆ ನಿಮ್ಮ ಹೆಸರು ಬೇರೆ ಬೇರೆ ರಿಜಿಸ್ಟ್ರಾರ್‌ಗಳ ಹುಡುಕಾಟದಲ್ಲೇ ಬೆಲೆಯೊಂದಿಗೆ ಕಾಣುತ್ತದೆ. ದುಡ್ಡು ಬಿದ್ದ ಕೂಡಲೇ ಹೆಸರು ತಾನಾಗಿ ಕೈ ಬದಲಾಗುತ್ತದೆ. ಮಾರಾಟಕ್ಕೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಹಾಗೆಯೇ ಬೆಲೆಯಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ. ಎರಡು ತಾಣಗಳಲ್ಲಿ ಒಂದೇ ಹೆಸರಿಗೆ ಬೇರೆ ಬೇರೆ ಬೆಲೆ ಹಾಕಿದರೂ ಜಗಳ ಖಂಡಿತ.

ನೇರ ಮಾರಾಟದಲ್ಲಿ ಮೊತ್ತ ದೊಡ್ಡದಿದ್ದರೆ ಎಸ್ಕ್ರೋ (ಹೆಸರು ಕೈ ಬದಲಾಗುವವರೆಗೆ ದುಡ್ಡು ಹಿಡಿದಿಡುವ ಮಧ್ಯವರ್ತಿ ಸೇವೆ) ಕಡ್ಡಾಯ. ಕೊಳ್ಳುವವರು ಎಸ್ಕ್ರೋಗೆ ದುಡ್ಡು ಹಾಕಬೇಕು. ಹಾಕಿದ್ದಾರೆ ಎಂಬುದನ್ನು ನೀವು ಇಮೇಲ್ ಲಿಂಕ್ ಒತ್ತಿ ನೋಡದೆ ವಿಳಾಸ ಕೈಯಾರೆ ಟೈಪ್ ಮಾಡಿ, ಲಾಗಿನ್ ಆಗಿ ನೋಡಬೇಕು. ಎಸ್ಕ್ರೋ ಹೆಸರಿನ ನಕಲಿ ತಾಣಗಳು ಬೇಕಾದಷ್ಟಿವೆ. ಆಮೇಲೆ ರಿಜಿಸ್ಟ್ರಾರ್ ಖಾತೆಯಲ್ಲಿ ಟ್ರಾನ್ಸ್‌ಫರ್ ಲಾಕ್ ತೆಗೆದು ಕೊಳ್ಳುವವರಿಗೆ ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಕೊಡಿ. ಡಾಟ್ ಕಾಮ್ ವರ್ಗಾವಣೆಗೆ ನೀವು ಒಪ್ಪಿಗೆ ಒತ್ತದೆ ಸುಮ್ಮನಿದ್ದರೂ 5 ದಿನದಲ್ಲಿ ಆಗುತ್ತದೆ. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗೆ ವರ್ಗಾಯಿಸಿದ ಡಾಟ್ ಕಾಮ್ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಿಲ್ಲ. ಅವಸರದವರಿಗೆ ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆಸಿ 'ಪುಶ್' ಮಾಡಿದರೆ, ಅಂದರೆ ನಿಮ್ಮ ಖಾತೆಯಿಂದ ಅವರ ಖಾತೆಗೆ ದಾಟಿಸಿದರೆ, ಕೆಲವೇ ನಿಮಿಷದ ಕೆಲಸ. ಮೂಡಿಗೆರೆಯ ಹೋಮ್‌ಸ್ಟೇಯವರಿಗೆ 10–15 ಸಾವಿರಕ್ಕೆ ಮಾರುವಾಗಲೂ ಪುಶ್ ದಾರಿಯೇ ಸರಿ; ಅರ್ಧ ಮುಂಗಡ, ಹೆಸರು ಅವರ ಖಾತೆಯಲ್ಲಿ ಕಂಡ ಮೇಲೆ ಉಳಿದದ್ದು. ಆ ಖಾತೆ ಮಾಲೀಕರ ಇಮೇಲ್‌ನಲ್ಲೇ ತೆರೆಸಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ತೆರೆದರೆ ಎರಡು ವರ್ಷದ ಮೇಲೆ ರಿನ್ಯೂವಲ್ ಸೂಚನೆ ಯಾರಿಗೂ ತಲುಪುವುದಿಲ್ಲ, ಬೈಗುಳ ಬರುವುದು ಮಾರಿದವರಿಗೆ.

ಈಗ ರಿನ್ಯೂವಲ್. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಲ್ಲಿದೆ. ಭಾರತದ ಕಾರ್ಡ್‌ನಿಂದ ತಾನಾಗಿ ದುಡ್ಡು ಕಡಿತವಾಗಲು ಮೊದಲೇ ದೃಢೀಕರಿಸಿದ ಮ್ಯಾಂಡೇಟ್ ಇರಬೇಕು. ಹಲವು ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ಆ ವ್ಯವಸ್ಥೆ ಇಲ್ಲ. 'ಆಟೋ ರಿನ್ಯೂ ಆನ್' ಎಂದು ಹಸಿರು ಗುರುತು ಕಾಣುತ್ತಿರುತ್ತದೆ, ಆ ದಿನ ಬಂದಾಗ ಬ್ಯಾಂಕ್ ತಿರಸ್ಕರಿಸುತ್ತದೆ. ಪರಿಹಾರ ಸರಳ: ರಿಜಿಸ್ಟ್ರಾರ್ ಖಾತೆಯಲ್ಲಿ ಮುಂಗಡ ಬ್ಯಾಲೆನ್ಸ್ ಇಟ್ಟು, ಕಡಿತ ಅದರಿಂದಲೇ ಆಗುವಂತೆ ಮಾಡಿ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದರೆ ಒಟಿಪಿಯೂ ಬರುವುದಿಲ್ಲ. ಮಳೆಗಾಲದಲ್ಲಿ ಮುಗಿಯುವ ಹೆಸರುಗಳನ್ನು ಮೇ ತಿಂಗಳಲ್ಲೇ ಕೂತು ನೋಡಿ ಮುಗಿಸಿ. ಮುಂಚೆ ಕಟ್ಟಿದರೂ ಅವಧಿ ಮುಗಿಯುವ ತಾರೀಕಿಗೇ ಒಂದು ವರ್ಷ ಸೇರುತ್ತದೆ, ನಷ್ಟವಿಲ್ಲ.

ಅವಧಿ ಮುಗಿದ ಮೇಲಿನ ಹಾದಿಯೂ ಗೊತ್ತಿರಲಿ. ಡಾಟ್ ಕಾಮ್‌ನಲ್ಲಿ ಗರಿಷ್ಠ 45 ದಿನದ ಗ್ರೇಸ್ ಅವಧಿ. ಎಷ್ಟು ದಿನ ಹಳೇ ದರದಲ್ಲೇ ಬಿಡಬೇಕು ಎಂಬುದು ರಿಜಿಸ್ಟ್ರಾರ್ ಇಷ್ಟ. ಆಮೇಲೆ 30 ದಿನದ ರಿಡೆಂಪ್ಷನ್, ಆಗ ಬಿಡಿಸಿಕೊಳ್ಳಲು ಮಾಮೂಲಿ ದರದ ಹಲವು ಪಟ್ಟು. ನಂತರ 5 ದಿನ ಅಳಿಸುವ ಹಂತ, ಆಗ ಯಾರೂ ಏನೂ ಮಾಡುವಂತಿಲ್ಲ. ಹಾಗೆ ಬಿಡುಗಡೆಯಾಗುವ ಒಳ್ಳೆಯ ಹೆಸರನ್ನು ರಾತ್ರಿ ಎದ್ದು ಕೂತು ಕೈಯಿಂದ ಹಿಡಿಯುತ್ತೇನೆ ಎಂಬುದು ಆಗದ ಮಾತು. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್‌ನಂಥ ಕಂಪನಿಯವರು ಅನೇಕ ರಿಜಿಸ್ಟ್ರಾರ್ ಮಾನ್ಯತೆಗಳ ಮೂಲಕ ಏಕಕಾಲಕ್ಕೆ ಬೇಡಿಕೆ ಕಳಿಸುತ್ತಾರೆ. ಅವರಲ್ಲಿ ಬ್ಯಾಕ್‌ಆರ್ಡರ್ (ಹೆಸರು ಬಿಡುಗಡೆಯಾದ ಕೂಡಲೇ ಹಿಡಿದುಕೊಡಲು ಮೊದಲೇ ಕೊಡುವ ಬೇಡಿಕೆ) ಹಾಕಿ, ನಿಮ್ಮ ಗರಿಷ್ಠ ಬೆಲೆ ಮೊದಲೇ ಬರೆದಿಟ್ಟುಕೊಂಡು ಹರಾಜಿಗೆ ಹೋಗಿ. ಕೊಳ್ಳುವ ಮುಂಚೆ ವೆಬ್‌ಸೈಟ್‌ಗಳ ಹಳೆಯ ಪ್ರತಿಗಳನ್ನಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ಪುಟಗಳನ್ನು, ಸ್ಪ್ಯಾಮ್‌ಗೆ ಬಳಕೆಯಾದ ಹೆಸರುಗಳ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ಹೆಸರನ್ನು ನೋಡಿ. ಹಿಂದೆ ಜೂಜಿನ ತಾಣವಾಗಿದ್ದ ಹೆಸರಿನಿಂದ ಕಳಿಸಿದ ಇಮೇಲ್ ಸ್ಪ್ಯಾಮ್‌ಗೆ ಹೋದರೆ ಕೊಂಡವರು ದುಡ್ಡು ವಾಪಸ್ ಕೇಳುತ್ತಾರೆ.

ಪಾರ್ಕಿಂಗ್ ಆದಾಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2025ರಲ್ಲಿ ಗೂಗಲ್ ತನ್ನ ಜಾಹೀರಾತುದಾರರ ಖಾತೆಗಳನ್ನು ಪಾರ್ಕ್ ಮಾಡಿದ ಡೊಮೇನ್‌ಗಳಿಂದ ತಾನಾಗಿಯೇ ಹೊರಗಿಡತೊಡಗಿದ ಮೇಲೆ ಮೊದಲೇ ಸೊರಗಿದ್ದ ಆ ಆದಾಯ ಇನ್ನೂ ಕುಸಿಯಿತು. ಅದನ್ನು ನಂಬಿ ರಿನ್ಯೂವಲ್ ಕಟ್ಟುವ ಯೋಜನೆ ಹಾಕಬೇಡಿ.

ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳು ನಮಗೆ ಬಹಳ ಪ್ರೀತಿಯ ವಿಷಯ. ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುತ್ತವೆ. ಬೋರ್ಡ್ ಮೇಲೆ, ಚೀಲದ ಮೇಲೆ ಅಚ್ಚು ಹಾಕಿಸಿದರೆ ಕಣ್ಣಿಗೆ ಹಬ್ಬ. ತೊಂದರೆ ಇಮೇಲ್‌ನಲ್ಲಿ. ಎಷ್ಟೋ ಅರ್ಜಿ ಪುಟಗಳು ಕನ್ನಡ ಅಕ್ಷರದ ವಿಳಾಸವನ್ನು 'ಅಮಾನ್ಯ' ಎನ್ನುತ್ತವೆ. ಒಳಗೊಳಗೆ ಹೆಸರು ಪ್ಯೂನಿಕೋಡ್ ಎಂಬ ಸಂಕೇತಕ್ಕೆ ಬದಲಾಗುತ್ತದೆ, ಆ ರೂಪದಲ್ಲಿ 63 ಅಕ್ಷರದ ಮಿತಿ ಇದೆ. ಹಾಗಾಗಿ ಉದ್ದನೆಯ ಕನ್ನಡ ಹೆಸರು ಎಣಿಸಿದ್ದಕ್ಕಿಂತ ಬೇಗ ಮಿತಿ ಮುಟ್ಟುತ್ತದೆ. ಸ್ವಂತ ಬಳಕೆಗೆ ಧಾರಾಳವಾಗಿ ಕೊಳ್ಳಿ. ಮರುಮಾರಾಟಕ್ಕೆ ಸದ್ಯ ಗಿರಾಕಿಗಳಿಲ್ಲ.

ಮೋಸದಲ್ಲಿ ಅತಿ ಹಳೆಯದು 'ಅಪ್ರೈಸಲ್' ಮೋಸ. ದೊಡ್ಡ ಬೆಲೆಯ ಆಫರ್ ಬರುತ್ತದೆ, ಕೊಳ್ಳುವವರು ಒಂದು ನಿರ್ದಿಷ್ಟ ತಾಣದ ಮೌಲ್ಯಮಾಪನ ಪತ್ರ ಕೇಳುತ್ತಾರೆ, ನೀವು ಅದಕ್ಕೆ ದುಡ್ಡು ಕಟ್ಟಿದ ಮೇಲೆ ನಾಪತ್ತೆ. ನಿಜವಾಗಿ ಕೊಳ್ಳುವವರು ಮಾರುವವರಿಂದ ಇಂಥ ಪತ್ರ ಕೇಳುವುದಿಲ್ಲ. ಬೆಲೆಯ ಅಂದಾಜಿಗೆ ನೇಮ್‌ಬಯೋ ತಾಣದಲ್ಲಿರುವ ಹಳೆಯ ಮಾರಾಟಗಳ ಪಟ್ಟಿ ಸಾಕು.

ವಿದೇಶದಿಂದ ದುಡ್ಡು ಬಂದಾಗ ಇಲ್ಲಿನ ಬ್ಯಾಂಕ್ ಶಾಖೆಯಲ್ಲಿ 'ಇದು ಏನು ವ್ಯವಹಾರ' ಎಂದು ಕೇಳುವುದು ಸಾಮಾನ್ಯ. ಇನ್‌ವಾಯ್ಸ್, ಮಾರುಕಟ್ಟೆಯ ಮಾರಾಟ ರಸೀದಿ, ಹೆಸರು ಕೈ ಬದಲಾದ ಇಮೇಲ್, ಈ ಮೂರನ್ನೂ ಮುದ್ರಿಸಿ ಒಯ್ದರೆ ಪರ್ಪಸ್ ಕೋಡ್ (ಹಣ ಯಾವ ಉದ್ದೇಶಕ್ಕೆ ಬಂತೆಂಬ ಸಂಕೇತ) ಹಾಕಿಸುವುದು ಸುಲಭ. ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಎಫ್‌ಐಆರ್‌ಎ ಪತ್ರ ಕೇಳಿ ಪಡೆಯಿರಿ. ಅಮೆರಿಕದ ತಾಣಗಳು ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆ ಕೇಳುತ್ತವೆ. ಅದರಲ್ಲಿ ಪ್ಯಾನ್ ಸಂಖ್ಯೆ ತುಂಬಿ, ಹೆಸರು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಇನಿಷಿಯಲ್ ಸಮೇತ ಬರೆಯಿರಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೇ ಪಾವತಿ ವಾರಗಟ್ಟಲೆ ನಿಲ್ಲುವುದುಂಟು. ಪದೇ ಪದೇ ಕೊಂಡು ಮಾರುವವರ ಲಾಭವನ್ನು ವ್ಯಾಪಾರದ ಆದಾಯವೆಂದೇ ನೋಡುತ್ತಾರೆ. ಹಾಗಾಗಿ ಮಾರಾಟವಾಗದ ಹೆಸರುಗಳ ರಿನ್ಯೂವಲ್ ಬಿಲ್‌ಗಳನ್ನೂ ವರ್ಷವಾರು ಜೋಡಿಸಿಟ್ಟು ಆಡಿಟರ್ ಕೈಗೆ ಕೊಡಿ, ಅವನ್ನು ಖರ್ಚಿನಲ್ಲಿ ತೋರಿಸಿಕೊಳ್ಳಬಹುದು.