ಧಾರವಾಡದ ಡಿಟಿಪಿ ಅಂಗಡಿ, ಅಪ್ಪನ ಪತ್ರಗಳು ಮತ್ತು ಅಲ್ಪವಿರಾಮ

ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಬರೆದ 31 ಪತ್ರಗಳನ್ನು ಪುಸ್ತಕ ಮಾಡಿಸಿ, ಅಪ್ಪನ ವರ್ಷಾಂತಿಕದ ದಿನ ಬಳಗಕ್ಕೆಲ್ಲ ಹಂಚಬೇಕಿತ್ತು. ಮೊದಲು ಬೇರೊಂದು ಕಡೆ ಟೈಪಿಗೆ ಕೊಟ್ಟೆ. ಪ್ರೂಫ್ ನೋಡಿ ಎದೆ ಧಸಕ್ಕೆಂದಿತು. ಅಪ್ಪ ಬರೆದದ್ದು, "ಅಕ್ಕವ್ವಾ, ಅಜ್ಜಿ ಬಿದ್ದಾಳ, ಗಾಬರಿ ಆಗಬ್ಯಾಡ." ಅಚ್ಚಾಗಿ ಬಂದದ್ದು, "ಅಕ್ಕವ್ವ ಅಜ್ಜಿ ಬಿದ್ದಾಳ." ಮನೆಯಲ್ಲಿ ಅಕ್ಕವ್ವ ಅಂದರೆ ನಾನು. ಇಲ್ಲಿ ಅದು ಅಜ್ಜಿಯ ಹೆಸರಾಗಿ, ಅಪ್ಪ ನನ್ನನ್ನು ಕರೆದದ್ದೇ ಅಳಿಸಿಹೋಗಿತ್ತು.

ಆಮೇಲೆ ಸುಭಾಸ ರಸ್ತೆಯ ಹತ್ತಿರದ ಈ ಸಣ್ಣ ಅಂಗಡಿಗೆ ಹೋದೆ. ಅಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರು ಕೆಂಪು ಪೆನ್ನು ಹಿಡಿದು ಪ್ರೂಫ್ ನೋಡುತ್ತಾರೆ. ಹಾಳೆಯ ಅಂಚಿನಲ್ಲಿ ಎರಡು ಸಾಲು ಬರೆದು ತೋರಿಸಿದರು. "ಅಕ್ಕ, ಭಾವ ಬಂದ್ರು" ಅಂದರೆ ಇಬ್ಬರು ಬಂದರು. "ಅಕ್ಕಾ, ಭಾವ ಬಂದ್ರು" ಅಂದರೆ ಬಂದದ್ದು ಭಾವ ಮಾತ್ರ, ಹೇಳುತ್ತಿರುವುದು ಅಕ್ಕನಿಗೆ. ಎರಡರಲ್ಲೂ ಅಲ್ಪವಿರಾಮ ಇದೆ, ಅರ್ಥ ತಿರುಗಿಸಿದ್ದು ದೀರ್ಘ. "ತಂಗೀ, ಕರಿಯೋ ಮುಂದ ದನಿ ಎಳೀತೀವಲ್ಲ, ಆ ಎಳತ ಕಾಗದದ ಮ್ಯಾಲೂ ಬೇಕು" ಅಂದರು. ತಾಳೆಗರಿಯಲ್ಲಿ ಅಲ್ಪವಿರಾಮವೇ ಇರಲಿಲ್ಲ, ಅದು ಅಚ್ಚಿನ ಜೊತೆ ಬಂದದ್ದು. "ಕೂಡಲಸಂಗಮದೇವಾ" ಅನ್ನುವಲ್ಲಿ ಕೊನೆಯ ದೀರ್ಘವೇ ಕೂಗಿ ಕರೆಯುತ್ತದೆ. ಶಾಲೆಯಲ್ಲಿ ಎಷ್ಟೋ ವಚನ ಬಾಯಿಪಾಠ ಮಾಡಿದ್ದೆ, ಇದು ಹೊಳೆದೇ ಇರಲಿಲ್ಲ.

ಕಂಡಕಂಡಲ್ಲೆಲ್ಲ ಚಿಹ್ನೆ ತುರುಕುವವರೂ ಅಲ್ಲ. "ನೀ ಹೇಳು, ಅಕ್ಕವ್ವಾ, ಯಾವಾಗ ಬರ್ತಿ?" ಎಂಬಲ್ಲಿ ಎರಡೂ ಬದಿಗೆ ಹಾಕಿದರು. "ಬಾರವ್ವಾ", "ನೋಡವ್ವಾ" ಇದ್ದಲ್ಲಿ ಮುಟ್ಟಲಿಲ್ಲ. ಅಲ್ಲಿ ಕರೆ ಕ್ರಿಯಾಪದಕ್ಕೇ ಅಂಟಿಕೊಂಡಿರುತ್ತದೆ, ನಡುವೆ ಸೀಳಬಾರದು. ನಾನು ಪಾಸಾದಾಗ ಬಂದ ಪತ್ರ "ಅಕ್ಕವ್ವಾ!" ಎಂದು ಶುರುವಾಗುತ್ತದೆ. ಕಂಪ್ಯೂಟರ್ ಮುಂದಿದ್ದ ಹುಡುಗ ಅದನ್ನು ಅಲ್ಪವಿರಾಮ ಮಾಡಲು ಹೋದ. ಮಾಸ್ತರರು ಮೂಲ ಪತ್ರ ತೆಗೆದು ತೋರಿಸಿ, ಹಾಗೇ ಇರಿಸಿದರು.

ಪ್ರೂಫಿಗೆ ಪುಟಕ್ಕೆ 15 ರೂಪಾಯಿ, 72 ಪುಟ. ಹೊದಿಕೆಯ ಕಾಗದ ತೆಳುವಾಯಿತು, ಹೇಳಿದ್ದಕ್ಕಿಂತ ನಾಲ್ಕು ದಿನ ತಡವೂ ಆಯಿತು. ಆದರೂ ಮುಂದಿನ ಕೆಲಸವನ್ನು ಇಲ್ಲಿಗೇ ಕೊಡುತ್ತೇನೆ. ಮಾಸ್ತರರು ಕೂಡುವುದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ. ಹೋಗುವವರು ಮೂಲ ಕೈಬರಹವನ್ನು ಮರೆಯದೆ ಒಯ್ಯಿರಿ, ಅವರು ಮೊದಲು ಕೇಳುವುದೇ ಅದನ್ನು.