ಇಆರ್‌ಎ5 ಅಲೆ ದತ್ತಾಂಶ: ಮಳೆಗಾಲಕ್ಕೆ ಸೈ, ಚಂಡಮಾರುತಕ್ಕೆ ಸಾಲದು

ಕಡಲ ತಡೆಗೋಡೆಯ ವಿನ್ಯಾಸಕ್ಕೆ 'ನೂರು ವರ್ಷದ ಅಲೆ' (ಯಾವುದೇ ಒಂದು ವರ್ಷದಲ್ಲಿ ಮೀರುವ ಸಂಭವ ಶೇ 1 ಇರುವ ಅಲೆ ಎತ್ತರ) ಬೇಕು. ಕರ್ನಾಟಕದ ಕಡಲಲ್ಲಿ ತೇಲಿಬಿಟ್ಟ ವೇವ್‌ರೈಡರ್‌ಗಳ (ಅಲೆ ಅಳೆಯುವ ತೇಲುಬುರುಡೆಗಳ) ಅಳತೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಹೆಚ್ಚಿನವರು ಕೈಹಾಕುವುದು ಯುರೋಪಿನ ಕೋಪರ್ನಿಕಸ್ ಕೇಂದ್ರದ ಇಆರ್‌ಎ5ಗೆ, ಅಂದರೆ ಅಳತೆಗಳನ್ನೂ ಕಂಪ್ಯೂಟರ್ ಮಾದರಿಯನ್ನೂ ಬೆಸೆದು ಹಿಂದಿನ ಹವಾಮಾನ, ಅಲೆಗಳನ್ನು ಮರುಲೆಕ್ಕ ಹಾಕಿದ ದತ್ತಾಂಶಕ್ಕೆ. 1940ರಿಂದ ಈಚೆಗೆ ಗಂಟೆಗೊಂದು ಲೆಕ್ಕ, ಅಲೆಗೆ 0.5 ಡಿಗ್ರಿ ಚೌಕ, ಪೂರ್ತಿ ಉಚಿತ. ಖಾತೆ ತೆರೆದು, ಪರವಾನಗಿಗೆ ಒಪ್ಪಿಗೆ ಕೊಟ್ಟರೆ ಪೈಥಾನ್‌ನಿಂದಲೇ ಇಳಿಸಿಕೊಳ್ಳಬಹುದು. 2024ರಲ್ಲಿ ವ್ಯವಸ್ಥೆ ಬದಲಾಗಿದೆ: ಹಳೆಯ ಕೀ ನಡೆಯದು, ನೆಟ್‌ಸಿಡಿಎಫ್ ಕಡತದಲ್ಲಿ ಸಮಯದ ಹೆಸರೂ ಬೇರೆ. ಹಳೆಯ ಸ್ಕ್ರಿಪ್ಟ್ ಮುರಿದರೆ ಮೊದಲು ಇವೆರಡನ್ನು ನೋಡಿ.

ಹೊನ್ನಾವರಕ್ಕೆ 'ಹತ್ತಿರದ ಬಿಂದು' ಕೇಳಿದರೆ 14.5 ಉತ್ತರ, 74.5 ಪೂರ್ವ ಬರುತ್ತದೆ, ಅದು ನೆಲ. 74.0 ಪೂರ್ವಕ್ಕೆ ಸರಿಯಿರಿ. ಅಲೆಯ ದಿಕ್ಕನ್ನು ನೇರ ಸರಾಸರಿ ಮಾಡಬೇಡಿ: 350 ಮತ್ತು 10 ಡಿಗ್ರಿಗಳ ಸರಾಸರಿ 180 ಎಂದು ಬಂದು ಉತ್ತರದ ಅಲೆ ದಕ್ಷಿಣದ್ದಾಗುತ್ತದೆ.

ನಿಜವಾದ ತೊಡಕು ವಿತರಣೆಯ ಬಾಲದ ಕಡೆ, ಅಂದರೆ ಅಪರೂಪದ ದೊಡ್ಡ ಅಲೆಗಳಲ್ಲಿ. ಮಿತಿ ಮೀರಿದ ಅಲೆಗಳನ್ನು ಆರಿಸಿ ಪ್ಯಾರೆಟೊ ವಿತರಣೆಗೆ (ಮಿತಿ ಮೀರಿದ ಅಲೆಗಳ ಸಂಭವ ಹೇಳುವ ಸೂತ್ರಕ್ಕೆ) ಕೂರಿಸುವಾಗ, ಇಲ್ಲಿ ಮಿತಿ ದಾಟುವುದೆಲ್ಲ ಹೆಚ್ಚುಕಡಿಮೆ ಮುಂಗಾರಿನದೇ. ಒಂದೇ ಬಿರುಸನ್ನು ಹತ್ತು ಸಲ ಎಣಿಸದಂತೆ ಶಿಖರಗಳ ನಡುವೆ ಎರಡು-ಮೂರು ದಿನದ ಅಂತರವಿಡಬೇಕು. ಮಿತಿಯನ್ನು ಏರಿಸುತ್ತ ಹೋಗಿ, ಆ ವಿತರಣೆಯ ಆಕಾರದ ಅಂಕ (ಬಾಲ ಎಷ್ಟು ಉದ್ದ ಎಂದು ಹೇಳುವ ಸಂಖ್ಯೆ) ಎಲ್ಲಿ ಅಲುಗಾಡದೆ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ.

ತೌಕ್ತೆಯಂಥ (ಮೇ 2021) ಚಂಡಮಾರುತದ ಅಲೆ ಬೇರೆ ಜಾತಿಯದು. ಅದನ್ನು ಮುಂಗಾರಿನ ಜತೆ ಬೆರೆಸಿದರೆ ಗೆರೆ ಎರಡಕ್ಕೂ ಸರಿಹೊಂದದು. ಬೇರೆಬೇರೆ ಕೂರಿಸಿ, ವರ್ಷದಲ್ಲಿ ಮೀರದಿರುವ ಸಂಭವಗಳನ್ನು ಗುಣಿಸಿ. ಆದರೆ ಚಂಡಮಾರುತದ ನಡುವಣ ಗಾಳಿಯ ಬಿರುಸು ಇಷ್ಟು ದೊಡ್ಡ ಚೌಕದಲ್ಲಿ ಮಸುಕಾಗಿ ಶಿಖರ ತಗ್ಗುತ್ತದೆ. ಅಲ್ಲಿ ಇಆರ್‌ಎ5 ಒಂದನ್ನೇ ನೆಚ್ಚಬಾರದು. ಚಂಡಮಾರುತದ ಗಾಳಿಯನ್ನು ಬೇರೆಯಾಗಿ ಕೊಟ್ಟು ಸ್ವಾನ್ ಎಂಬ ಅಲೆ ಲೆಕ್ಕದ ಕಂಪ್ಯೂಟರ್ ಮಾದರಿ ಓಡಿಸಬೇಕು.

ಇನ್ನೊಂದು: ಉಪಗ್ರಹ ಅಳೆದ ಅಲೆ ಎತ್ತರ ಇಆರ್‌ಎ5ಗೆ 1991ರ ನಂತರವೇ ಸೇರಿರುವುದು. ಆ ಗಡಿಯ ಎರಡೂ ಬದಿ ಸೇರಿಸಿ 'ಅಲೆ ಏರುತ್ತಿದೆ' ಎಂಬ ಗೆರೆ ಎಳೆದರೆ ಅದರಲ್ಲಿ ಎಷ್ಟು ಕಡಲಿನದು, ಎಷ್ಟು ದತ್ತಾಂಶದ್ದು ಎಂದು ಬಿಡಿಸುವುದು ಕಷ್ಟ.

ಐದು ನಕ್ಷತ್ರಕ್ಕೆ ನಾಲ್ಕು. ವರದಿಯಲ್ಲಿ 'ನೂರು ವರ್ಷದ ಅಲೆ' ಎಂದಷ್ಟೇ ಬರೆಯದೆ, 50 ವರ್ಷ ಬಾಳುವ ಕಟ್ಟೆಗೆ ಅದು ಒಮ್ಮೆಯಾದರೂ ಬಡಿಯುವ ಸಂಭವ ಸುಮಾರು ಶೇ 39.5 ಎಂದೂ ಬರೆಯಿರಿ.